ಒಳ್ಳೆಯ ಪದಗಳ ಗೋಡೆ

ದೀಕ್ಷಾ, ಧನುಷ್,

ಹೋದ ವಾರ ನೀವು ರಜೆಗೆ ಇಲ್ಲಿಗೆ ಬಂದಿದ್ದಾಗ ಒಂದು ಬೆಳಿಗ್ಗೆ ಒಳಗಿನ ಕೋಣೆಯಿಂದ ಸುಟ್ಟ ಕೂದಲಿನ ವಾಸನೆ ಬಂತು. ಏನೋ ಬೆಂಕಿ ಹತ್ತಿತೆಂದು ಓಡಿಬಂದರೆ, ದೀಕ್ಷಾ ಕನ್ನಡಿಯ ಮುಂದೆ ಕುಳಿತು ಇಕ್ಕಳದಂಥ ಒಂದು ಬಿಸಿ ಯಂತ್ರದಲ್ಲಿ ಕೂದಲನ್ನು ನೇರ ಮಾಡಿಕೊಳ್ಳುತ್ತಿದ್ದಳು. “ಅಜ್ಜಿ, ಈ ಕೂದಲು ನಂಗೆ ಯಾರಿಂದ ಬಂದದ್ದು?” ಎಂದು ಸಿಟ್ಟಿನಲ್ಲಿ ಕೇಳಿದಳು. “ನನ್ನಿಂದ” ಎಂದೆ. ಅದಕ್ಕಿಂತ ಹೆಚ್ಚು ಹೇಳಲಿಕ್ಕೆ ಬಾಯಿ ಬರಲಿಲ್ಲ. ಎದುರಿಗೆ ಕುಳಿತು ಮಾತಾಡುವುದು ನನ್ನಿಂದ ಆಗುವುದಿಲ್ಲ, ನಿಮಗೆ ಗೊತ್ತು. ಬರೆಯುವುದಾದರೆ ಸ್ವಲ್ಪ ಆಗುತ್ತದೆ. ಅದಕ್ಕೇ ನೀವು ವಾಪಸ್ ಹೋದ ಮೇಲೆ ಇದನ್ನು ಬರೆಯಲು ಕುಳಿತಿದ್ದೇನೆ. ಓದಲು ಕಷ್ಟವಾದರೆ ಅಮ್ಮನಿಂದ ಓದಿಸಿಕೊಳ್ಳಿ. ಅವಳ ಬಗ್ಗೆಯೂ ಒಂದೆರಡು ಮಾತು ಇದರಲ್ಲಿ ಉಂಟು. ಅವಳು ಆ ಭಾಗ ಹಾರಿಸಿ ಓದದ ಹಾಗೆ ನೋಡಿಕೊಳ್ಳಿ.

ಇದು ಎರಡು ಸಾವಿರದ ಹದಿನಾರು ಮುಗಿದು ಹದಿನೇಳು ಶುರುವಾದ ಚಳಿಗಾಲದ ಸಂಗತಿ. ಧನುಷ್ ಹುಟ್ಟಿದ್ದು ಆಗಲೇ. ನಿಮ್ಮ ಅಮ್ಮ ಮಮತಾಳ ಬಾಣಂತನಕ್ಕೆಂದು ನಾನು ವಿಸಿಟ್ ವೀಸಾದಲ್ಲಿ ಅಬುಧಾಬಿಗೆ ಬಂದಿದ್ದೆ. ನಿಮ್ಮ ಅಜ್ಜ ತೀರಿಕೊಂಡು ಎರಡು ವರ್ಷವಾಗಿತ್ತು. ಅವರು ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದವರು. ಹೊರಗಿನ ವ್ಯವಹಾರದ ಮಾತೆಲ್ಲ ಅವರೇ ಆಡುತ್ತಿದ್ದರು. ಅವರು ಹೋದ ಮೇಲೆ ಬ್ಯಾಂಕಿನಲ್ಲಿ ನನ್ನ ಹೆಸರು ಹೇಳುವ ಬದಲು ಪಾಸ್‌ಬುಕ್ಕನ್ನು ಮುಂದಿಡುತ್ತಿದ್ದೆ. ಅಂಥವಳು ವಿಮಾನ ಹತ್ತಿ ಬಂದದ್ದೇ ದೊಡ್ಡದು.

ಅಳಿಯ ಹರೀಶ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ವಿಲ್ಲಾದಲ್ಲಿದ್ದಾನೆಂದು ಊರಲ್ಲಿ ಎಲ್ಲರಿಗೂ ಹೇಳಿದ್ದೆ. ಬಂದು ನೋಡಿದರೆ ಒಂದು ವಿಲ್ಲಾಕ್ಕೆ ಒಳಗಡೆ ಗೋಡೆ ಹಾಕಿ ಐದು ಸಂಸಾರಗಳಿಗೆ ಹಂಚಿದ್ದರು. ನಮ್ಮದು ಕೆಳಗಿನ ಎರಡು ಕೋಣೆ, ಒಂದು ಅಡುಗೆಮನೆ. ಎಲ್ಲರಿಗೂ ಸೇರಿ ಒಂದು ಅಂಗಳ, ಅದರಲ್ಲಿ ಒಂದು ಬೇವಿನ ಮರ. ರಸ್ತೆಯಲ್ಲಿ ನಡೆಯುವವರು ಒಬ್ಬರೂ ಕಾಣುತ್ತಿರಲಿಲ್ಲ. ಎಲ್ಲರೂ ಕಾರು. ಡಿಸೆಂಬರಿನ ಬೆಳಿಗ್ಗೆ ಅಲ್ಲಿ ಎಂಥ ಮಂಜು ಬೀಳುತ್ತಿತ್ತೆಂದರೆ ಗೇಟಿನ ಆಚೆ ಏನೂ ಕಾಣುತ್ತಿರಲಿಲ್ಲ. ಸ್ಕೂಲ್ ಬಸ್ಸು ಬರುವುದು ಅದರ ಹಾರ್ನಿನಿಂದಲೇ ಗೊತ್ತಾಗಬೇಕು.

ಆ ಬಸ್ಸು ಬರುವ ಮೊದಲು ಮೆಟ್ಟಿಲ ಮೇಲೆ ಕುಳಿತು ದೀಕ್ಷಾಳ ತಲೆ ಬಾಚುವುದು ನನ್ನ ಕೆಲಸ. ದೀಕ್ಷಾ, ಆಗ ನಿನಗೆ ಐದು ವರ್ಷ. ಬಾಚಣಿಗೆಯನ್ನು ನೆತ್ತಿಯ ಮೇಲಿಟ್ಟು ಕೆಳಗೆ ಎಳೆದರೆ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತಿತ್ತು. ನೀನು ಕೂಗುತ್ತಿದ್ದೆ. “ಸುಮ್ಮನೆ ಕೂತ್ಕೋ ಮಾರಾಯ್ತಿ, ಎಂಥ ಕಾಪಿರಿ ಕೂದಲು ನಿಂದು” ಎಂದು ನಾನು ದಿನಾ ಬೈಯುತ್ತಿದ್ದೆ. ನನ್ನ ಅಮ್ಮ ನನಗೆ ಬಾಚುವಾಗಲೂ ಅದನ್ನೇ ಹೇಳುತ್ತಿದ್ದಳು. ಅದು ನನ್ನ ಬಾಯಿಗೆ ತಾನಾಗಿ ಬರುತ್ತಿದ್ದ ಮಾತು.

ಆ ಪದದ ಬಗ್ಗೆ ಹೇಳಿಬಿಡುತ್ತೇನೆ. ನಮ್ಮ ಕಡೆ ಹಿಂದಿನವರು ಆಫ್ರಿಕಾದ ಕಪ್ಪು ಜನರಿಗೆ ಹೇಳುತ್ತಿದ್ದ ಹೆಸರು ಕಾಪಿರಿ. ಕರೆಯಲಿಕ್ಕೆ ಅಲ್ಲ, ಹೀಯಾಳಿಸಲಿಕ್ಕೆ. ನಮ್ಮ ಊರಲ್ಲಿ ಆಫ್ರಿಕಾದವರನ್ನು ಕಂಡವರು ಒಬ್ಬರೂ ಇರಲಿಲ್ಲ. ಜನ ಬರಲಿಲ್ಲ, ಬೈಗುಳ ಮಾತ್ರ ಬಂದಿತ್ತು. ಕಪ್ಪಗಿದ್ದು ಗುಂಗುರು ಕೂದಲಿದ್ದರೆ ಸಾಕು, ಆ ಹೆಸರು. ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೂ ನನಗಿದ್ದ ಹೆಸರು ಅದೇ. ಗಿರಿಜಾ ಎಂದು ಮೇಷ್ಟ್ರು ಮಾತ್ರ ಕರೆಯುತ್ತಿದ್ದರು, ಅದೂ ಹಾಜರಿ ಹಾಕುವಾಗ. ನಾನು ಬಾಯಿ ಮುಚ್ಚಿಕೊಂಡಿರುವುದನ್ನು ಕಲಿತದ್ದು ಆ ಏಳು ವರ್ಷದಲ್ಲಿ ಎಂದು ಈಗ ಅನಿಸುತ್ತದೆ. ಆದರೂ ಅದೇ ಮಾತನ್ನು ಮೊಮ್ಮಗಳ ತಲೆಯ ಮೇಲೆ ಹಾಕುತ್ತಿದ್ದೆ. ಯಾಕೆ ಎಂದು ಕೇಳಬೇಡಿ. ನಾನೂ ಕೇಳಿಕೊಂಡಿರಲಿಲ್ಲ.

ಜನವರಿ ಶುರುವಿನಲ್ಲಿ ಮೇಲಿನ ಮನೆಗೆ ಒಬ್ಬ ಹೆಂಗಸು ಬಂದರು. ಐವತ್ತು ದಾಟಿದ, ಬಾಗಿಲಷ್ಟು ಎತ್ತರದ ಆಳು. ತಲೆಗೆ ದಿನಕ್ಕೊಂದು ಬಣ್ಣದ ಬಟ್ಟೆ ಸುತ್ತುತ್ತಿದ್ದರು. ಬಟ್ಟೆ ಇಲ್ಲದ ದಿನ ತಲೆಯ ತುಂಬ ಸಣ್ಣ ಸಣ್ಣ ಜಡೆ. ಹೆಸರು ಅಫಿ, ಟೋಗೊ ದೇಶದವರು. ಅವರ ಕಡೆ ಶುಕ್ರವಾರ ಹುಟ್ಟಿದ ಹೆಣ್ಣಿಗೆ ಅಫಿ ಎಂದು ಹೆಸರಿಡುತ್ತಾರಂತೆ. ನಮ್ಮಲ್ಲಿ ಶುಕ್ರವಾರ ಹುಟ್ಟಿದರೆ ತುಕ್ರು ಎನ್ನುತ್ತಿದ್ದ ಹಾಗೆ. ಇದನ್ನು ಕೇಳಿದ ಮೇಲೆ ಅವರ ಬಗ್ಗೆ ನನಗೆ ಹೆದರಿಕೆ ಸ್ವಲ್ಪ ಕಡಿಮೆಯಾಯಿತು.

“ಅವರು ದೊಡ್ಡ ಜನ ಅಮ್ಮ” ಎಂದಳು ಮಮತಾ. “ಆಫ್ರಿಕಾದ ಕಲೆ, ಬಟ್ಟೆ, ಕತೆ ಎಲ್ಲ ದೇಶ ದೇಶಕ್ಕೆ ತೆಗೆದುಕೊಂಡು ಹೋಗುವ ಒಂದು ಸಂಸ್ಥೆಗೆ ಅವರೇ ಹೆಡ್. ಮಂತ್ರಿಗಳ ಮುಂದೆ ಎಲ್ಲ ಭಾಷಣ ಮಾಡ್ತಾರೆ. ಈ ಸಲ ದುಬೈಯಲ್ಲಿ ಎಕ್ಸಿಬಿಷನ್ ಉಂಟಂತೆ.”

“ಅಷ್ಟು ದೊಡ್ಡವರು ಈ ತುಂಡು ವಿಲ್ಲಾದಲ್ಲಿ ಎಂತ ಮಾಡ್ತಾರೆ?”

“ಹಣ ಎಲ್ಲ ಎಕ್ಸಿಬಿಷನ್ನಿಗೆ ಹಾಕ್ತಾರಂತೆ. ನಿನ್ನ ಅಳಿಯನ ಹಾಗೆ ಕಾರಿಗೆ ಅಲ್ಲ.”

ಅವರು ಎಂಥವರು ಎಂದು ನನಗೆ ಗೊತ್ತಾದದ್ದು ಒಂದು ಫೋನಿನಿಂದ. ಬೆಳಿಗ್ಗೆ ಅಂಗಳದಲ್ಲಿ ಮನೆಯುಡುಗೆಯಲ್ಲಿ ನಿಂತು ಯಾರಿಗೋ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಜೋರು ಮಾಡಲಿಲ್ಲ. ಒಂದೊಂದೇ ಮಾತನ್ನು ಮೊಳೆ ಹೊಡೆದ ಹಾಗೆ ಇಡುತ್ತಿದ್ದರು. ಮಗುವಿಗೆ ಹಾಲು ಕೊಡುತ್ತಿದ್ದ ಮಮತಾ ಕಿಟಕಿಗೆ ಕಿವಿಕೊಟ್ಟು ನನಗೆ ಹೇಳಿದಳು. “ಯಾವುದೋ ದೊಡ್ಡ ಸಭೆಯಲ್ಲಿ ಊಟಕ್ಕೆ ಮೊದಲು ಡೋಲು ಬಾರಿಸಲಿಕ್ಕೆ ಇವರ ಜನರನ್ನು ಕರೆದಿದ್ದಾರೆ. ಇವರು ಹೇಳ್ತಾರೆ, ಮೊದಲು ನಮ್ಮ ಮಾತು, ಮತ್ತೆ ನಿಮ್ಮ ಊಟ, ಡೋಲು ಬೇಕಿದ್ದರೆ ನೀವೇ ಬಾರಿಸಿ ಅಂತ.” ಕೊನೆಗೆ ಆ ಸಭೆಯಲ್ಲಿ ಮೊದಲು ಮಾತಾಡಿದ್ದು ಅವರೇ.

ಇನ್ನು ನಾನು ಮಾಡಿದ್ದು. ಒಂದು ಬೆಳಿಗ್ಗೆ ಮಂಜು ಇರಲಿಲ್ಲ, ಒಳ್ಳೆಯ ಬಿಸಿಲು. ಮೆಟ್ಟಿಲ ಮೇಲೆ ಬಾಚುತ್ತಿದ್ದೆ. ಅಫಿ ಮೇಡಂ ಮೇಲಿನಿಂದ ಇಳಿದು ಬಂದರು. ಅವತ್ತು ಬಟ್ಟೆಯೂ ಇಲ್ಲ, ಜಡೆಯೂ ಇಲ್ಲ, ಕೂದಲನ್ನು ಬಿಟ್ಟುಕೊಂಡಿದ್ದರು. ಮುಖದ ಸುತ್ತ ದೊಡ್ಡ ಮೋಡದ ಹಾಗೆ ನಿಂತಿತ್ತು. ದೀಕ್ಷಾ, ನೀನು ನನ್ನ ಕೈಯಿಂದ ಬಿಡಿಸಿಕೊಂಡು ಓಡಿದೆ. ಇಂಗ್ಲಿಷಿನಲ್ಲಿ ಕೂಗಿ ಹೇಳಿದೆ (ಏನೆಂದು ಆಮೇಲೆ ನೀನೇ ತಿಳಿಸಿದ್ದು), ನನ್ನ ಅಜ್ಜಿ ಹೇಳ್ತಾರೆ ನನ್ನದು ಕಾಪಿರಿ ಕೂದಲು ಅಂತ, ನಿಮ್ಮದೂ ಕಾಪಿರಿ ಕೂದಲು! ನನಗೆ ಇಂಗ್ಲಿಷ್ ಬಾರದು, ಆದರೆ ಆ ಒಂದು ಪದ ಎರಡು ಸಲ ಕೇಳಿತು. ಕೈಯಲ್ಲಿದ್ದ ಬಾಚಣಿಗೆ ಕೆಳಗೆ ಬಿತ್ತು.

ಮೇಡಂ ಬಗ್ಗಿ ಏನೋ ಕೇಳಿದರು. ನೀನು ನನ್ನ ಕಡೆ ತಿರುಗಿದೆ. “ಅಜ್ಜಿ, ಕಾಪಿರಿ ಅಂದ್ರೆ ಏನು ಅಂತ ಕೇಳ್ತಾರೆ.”

ಇಬ್ಬರೂ ನನ್ನನ್ನು ನೋಡುತ್ತಿದ್ದರು. “ಚಂದ... ಚಂದದ ಗುಂಗುರು ಕೂದಲು ಅಂತ ಹೇಳು” ಎಂದೆ.

ನೀನು ಹಾಗೇ ಹೇಳಿದೆ. ಮೇಡಂ ಕೈ ತಟ್ಟಿ ನಕ್ಕರು. ಮೇಲೆ ಓಡಿ ಹೋಗಿ ಒಂದು ಪುಸ್ತಕ ತಂದು ನಿನ್ನ ಬಾಯಲ್ಲಿ ಆ ಪದ ಹೇಳಿಸಿ ಬರೆದುಕೊಂಡರು.

ಆ ಪುಸ್ತಕ ಯಾವುದೆಂದು ಆಮೇಲೆ ತಿಳಿಯಿತು. ಅವರ ಎಕ್ಸಿಬಿಷನ್ ಇದ್ದದ್ದೇ ತಲೆಯ ಬಗ್ಗೆ. ಆಫ್ರಿಕಾದ ಬಾಚಣಿಗೆಗಳು, ಜಡೆಯ ಬಗೆಗಳ ಫೋಟೋಗಳು, ತಲೆಗೆ ಸುತ್ತುವ ಬಟ್ಟೆಗಳು. ಅದರಲ್ಲಿ ಒಂದು ಗೋಡೆ ಪೂರ್ತಿ ಪದಗಳಿಗೆ. ಇಂಥ ಕೂದಲಿಗೆ ಜಗತ್ತಿನಲ್ಲಿ ಎಲ್ಲಿ ಹೋದರೂ ಕೆಟ್ಟ ಮಾತೇ ಉಂಟು, ಆದರೂ ಅಲ್ಲೊಂದು ಇಲ್ಲೊಂದು ಒಳ್ಳೆಯ ಮಾತೂ ಇರುತ್ತದೆ, ಅದನ್ನು ಹುಡುಕಿ ಕೂಡಿಸುತ್ತಿದ್ದೇನೆ, ನಮ್ಮ ಮಕ್ಕಳು ಆ ಗೋಡೆಯ ಮುಂದೆ ನಿಲ್ಲಬೇಕು ಎಂದು ಮೇಡಂ ಮಮತಾಳಿಗೆ ಹೇಳಿದ್ದರು. ಆ ಒಳ್ಳೆಯ ಪದಗಳ ಗೋಡೆಗೆ ನಾನು ಕೊಟ್ಟದ್ದು ಇದನ್ನು.

ಅವತ್ತಿನಿಂದ ಅವರು ದಿನಾ ಬೆಳಿಗ್ಗೆ ಕೆಳಗೆ ಬಂದು ನಮ್ಮ ಹತ್ತಿರ ಮೆಟ್ಟಿಲ ಮೇಲೆ ಕೂರತೊಡಗಿದರು. ನಾನು ಬಾಚುವುದನ್ನು ನೋಡಿ ಅವರಿಗೆ ತಡೆಯಲಾಗಲಿಲ್ಲ. ನನ್ನ ಕೈಯಿಂದ ಬಾಚಣಿಗೆ ತೆಗೆದುಕೊಂಡು ತಾವೇ ತೋರಿಸಿದರು. ಒಣ ಕೂದಲನ್ನು ಮುಟ್ಟಬಾರದು. ಮೊದಲು ನೀರು, ಆಮೇಲೆ ಎಣ್ಣೆ. ನೆತ್ತಿಯಿಂದ ಕೆಳಗೆ ಎಳೆಯುವುದಲ್ಲ. ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಮೊದಲು ತುದಿಯ ಸಿಕ್ಕು ಬಿಡಿಸಬೇಕು, ಆಮೇಲೆ ಎರಡು ಬೆರಳಿನಷ್ಟು ಮೇಲೆ, ಆಮೇಲೆ ಇನ್ನೆರಡು ಬೆರಳು. ಹೀಗೆ ಬುಡಕ್ಕೆ ಕೊನೆಯಲ್ಲಿ ಬರಬೇಕು. ನೀನು ಒಂದು ಸಲವೂ ಕೂಗಲಿಲ್ಲ. ಅರುವತ್ತು ವರ್ಷ ನಾನು ಈ ಕೂದಲು ಹೊತ್ತಿದ್ದೆ, ಇಷ್ಟು ಗೊತ್ತಿರಲಿಲ್ಲ. ಮತ್ತೊಂದು ದಿನ ಏನೂ ಕೇಳದೆ ನನ್ನ ತಲೆಯ ಸೆರಗು ಸರಿಸಿ ನನ್ನದನ್ನೂ ಬಾಚಿದರು. ನಾಚಿಕೆಯಿಂದ ನಾನು ಮಿಸುಕಲಿಲ್ಲ.

ಅದೆಲ್ಲ ಒಳ್ಳೆಯದೇ. ಆದರೆ ಅವರು ಇಳಿದು ಬರುವಾಗ ದಿನಾ ಕೂಗುತ್ತಿದ್ದದ್ದು, “ಗುಡ್ ಮಾರ್ನಿಂಗ್, ಮೈ ಕಾಪಿರಿ!” ನೀನೂ ತಿರುಗಿ ಅವರಿಗೆ ಹಾಗೇ ಕೂಗುತ್ತಿದ್ದೆ. ಪ್ರತಿ ಸಲವೂ ನಾನು ತಲೆ ತಗ್ಗಿಸಿ ಬಾಚಣಿಗೆಯಲ್ಲಿ ಸಿಕ್ಕ ಕೂದಲು ತೆಗೆಯುತ್ತಿದ್ದೆ. ಇವತ್ತು ಹೇಳುವ, ನಾಳೆ ಹೇಳುವ ಎಂದು ದಿನ ದೂಡಿದೆ.

ಹತ್ತು ಹದಿನೈದು ದಿನ ಕಳೆದಿರಬೇಕು. ಮಮತಾ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದಳು. ಅಬುಧಾಬಿಯ ಯಾವುದೋ ದೊಡ್ಡ ಹಾಲ್. ಬೇರೆ ಬೇರೆ ದೇಶದ ರಾಯಭಾರಿಗಳು ಸಾಲಾಗಿ ಕುಳಿತಿದ್ದರು. ಮೇಡಂ ಮೈಕಿನ ಮುಂದೆ ನಿಂತಿದ್ದರು. ಏನೇನೋ ಹೇಳುತ್ತ ಹೇಳುತ್ತ ನಕ್ಕು, ತಮ್ಮ ತಲೆಯನ್ನು ಮುಟ್ಟಿಕೊಂಡು, “ಕಾಪಿರಿ” ಎಂದರು. ಎಲ್ಲರೂ ಚಪ್ಪಾಳೆ ಹೊಡೆದರು.

“ಇದೆಂತ ಹೇಳಿದ್ದು ಅವರು?” ಎಂದು ಮಮತಾ ನನ್ನ ಮುಖ ನೋಡಿದಳು. “ಭಾರತದ ಒಬ್ಬ ಅಜ್ಜಿ ನನಗೆ ಈ ಪದ ಕೊಟ್ಟರು, ಅವರ ಕಡೆ ನನ್ನಂಥವರ ಚಂದಕ್ಕೆ ಒಂದು ಹೆಸರೇ ಉಂಟು ಅಂತ ಹೇಳ್ತಿದ್ದಾರೆ. ಯಾವ ಅಜ್ಜಿ ಅಮ್ಮ?”

ನಾನು ಎಲ್ಲ ಹೇಳಿದೆ. ಮಮತಾ ಮೊದಲು ನಕ್ಕಳು. ನಕ್ಕು ನಕ್ಕು, ಆಮೇಲೆ ನಗು ನಿಂತು ಮಂಚದ ಮೇಲೆ ಕುಳಿತುಬಿಟ್ಟಳು. “ಖಲಾಸ್. ಇನ್ನು ಬಾಯಿ ಬಿಡಬೇಡ ನೀನು. ಇಲ್ಲಿ ಅದರ ಅರ್ಥ ಯಾರಿಗೆ ಗೊತ್ತು?”

“ಯಾರಿಗೆ ಗೊತ್ತು ಅಂತೀಯಾ?” ಎಂದ ಹರೀಶ, ಊಟದ ತಟ್ಟೆಯಿಂದ ತಲೆ ಎತ್ತದೆ. “ದುಬೈಯ ದೇರಾದಲ್ಲಿ ಕಣ್ಣು ಮುಚ್ಚಿ ಕೈ ಚಾಚಿದ್ರೆ ಮಂಗಳೂರಿನವನೇ ಸಿಗ್ತಾನೆ.” ಅನ್ನ ಕಲಸುತ್ತ, “ಆದರೂ ಅತ್ತೆ, ನೀವು ಹೇಳಲಿಕ್ಕೆ ಹೋಗಬೇಡಿ. ಅವರಿಗೆ ಬೇಸರ ಆಗಿ ಓನರ್‌ಗೆ ಕಂಪ್ಲೇಂಟ್ ಮಾಡಿದ್ರೆ ಈ ಸಣ್ಣ ಮಗುವನ್ನು ಕಟ್ಟಿಕೊಂಡು ನಾವು ಮನೆ ಹುಡುಕಬೇಕು” ಎಂದ.

ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ನಾನು ಸುಮ್ಮನಾದೆ. ಸುಮ್ಮನಾಗುವುದು ನನಗೆ ಕಷ್ಟದ ಕೆಲಸವೂ ಅಲ್ಲ.

ಫೆಬ್ರವರಿಯಲ್ಲಿ ಒಂದು ದಿನ ಮಳೆ ಬಂತು. ಅಲ್ಲಿ ಮಳೆ ಬಂದರೆ ಹೋಗಲು ದಾರಿಯಿಲ್ಲದೆ ನೀರು ರಸ್ತೆಯಲ್ಲೇ ನಿಲ್ಲುತ್ತದೆ. ಶಾಲೆಗೆ ರಜೆ ಕೊಟ್ಟರು. ಅವತ್ತು ಮೇಡಂ ಒಂದು ಬಿಳಿ ಹಲಗೆ, ಕಪ್ಪು ಬಣ್ಣ, ಕುಂಚ ಹಿಡಿದು ನಮ್ಮ ಮನೆಗೆ ಬಂದರು. ಗೋಡೆಯ ಪ್ರತಿ ಪದವನ್ನೂ ಅದನ್ನು ಕೊಟ್ಟವರೇ ತಮ್ಮ ಲಿಪಿಯಲ್ಲಿ ಬರೆಯಬೇಕಂತೆ. ಮಮತಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನನಗೆ ಕಣ್ಣಿನಲ್ಲೇ ಬರೆಯಬೇಡ ಎಂದಳೋ ಬರೆ ಎಂದಳೋ ತಿಳಿಯಲಿಲ್ಲ. ನಾನು ಬರೆದೆ. ಶಾಲೆಯಲ್ಲಿ ನನಗೆ ಬೇರೇನೂ ಬಾರದಿದ್ದರೂ ಅಕ್ಷರ ಚೆನ್ನಾಗಿತ್ತು. ಮೇಷ್ಟ್ರು ದಿನಾ ಒಂದು ಪುಟ ಕಾಪಿ ಬರೆಸುತ್ತಿದ್ದರು. ಕಾ, ಪಿ, ರಿ. ಮೂರು ಅಕ್ಷರ, ಒಂದೊಂದೂ ಗೇಣುದ್ದ, ಎಲ್ಲಿಯೂ ಗೆರೆ ತಪ್ಪಲಿಲ್ಲ. ಅದು ನನಗೆ ಈಗಲೂ ಆಶ್ಚರ್ಯ.

ಉದ್ಘಾಟನೆಗೆ ಐದಾರು ದಿನ ಇರುವಾಗ, ಒಂದು ಶುಕ್ರವಾರ, ಮೇಡಂ ನನ್ನನ್ನೂ ದೀಕ್ಷಾಳನ್ನೂ ಕಾರಿನಲ್ಲಿ ದುಬೈಗೆ ಕರೆದುಕೊಂಡು ಹೋದರು. ಮಮತಾ ಮಗುವಿನೊಂದಿಗೆ ಮನೆಯಲ್ಲೇ ಉಳಿದಳು. ಎಕ್ಸಿಬಿಷನ್ ಇದ್ದದ್ದು ಅಲ್ ಕೂಜ್‌ನಲ್ಲಿ. ಗ್ಯಾರೇಜು, ಗೋದಾಮು, ಕೆಲಸಗಾರರ ಕ್ಯಾಂಪುಗಳ ನಡುವೆ ಒಂದು ದೊಡ್ಡ ಗೋದಾಮಿಗೆ ಬಿಳಿ ಬಣ್ಣ ಬಳಿದು ಚೊಕ್ಕ ಮಾಡಿದ್ದರು. ಒಳಗೆ ಮರಗೆಲಸ ನಡೆಯುತ್ತಿತ್ತು. ಎಡಗಡೆ ಉದ್ದಕ್ಕೂ ಆ ಗೋಡೆ. ಯಾವ ಯಾವುದೋ ಲಿಪಿಯ ಹಲಗೆಗಳು. ನಡುವೆ, ಕಣ್ಣಿನ ಮಟ್ಟಕ್ಕೆ, ನನ್ನದು.

ಏಣಿಯ ಮೇಲೆ ನಿಂತು ಮೊಳೆ ಹೊಡೆಯುತ್ತಿದ್ದ ಒಬ್ಬ ಗಡ್ಡದ ಮನುಷ್ಯ ಅದನ್ನು ಓದಿ ಗಟ್ಟಿಯಾಗಿ ನಕ್ಕುಬಿಟ್ಟ. “ಅಲ್ಲಾ, ಇದೆಂತ ಮಾರ್ರೆ! ಇದನ್ನು ಇಲ್ಲಿ ಬರೆದ ಪುಣ್ಯಾತ್ಮ ಯಾರು?” ಎಂದು ಕನ್ನಡದಲ್ಲೇ ಹೇಳಿದ.

ನಾನು ಏಣಿಯ ಬುಡಕ್ಕೆ ಹೋದೆ. “ನೀವು ಎಲ್ಲಿಯವರು?” ಎಂದೆ.

ಅವನು ನನ್ನ ಸೀರೆ ನೋಡಿ ಏಣಿಯಿಂದ ಇಳಿದ. “ಉಳ್ಳಾಲ ಅಮ್ಮ. ಹಮೀದ್ ಅಂತ. ಇಲ್ಲಿ ಕಾರ್ಪೆಂಟರ್.” ಬ್ಯಾರಿ ಜನ, ನಮ್ಮ ಹರೀಶನಿಗಿಂತ ಸ್ವಲ್ಪ ದೊಡ್ಡವನಿರಬೇಕು. ಅಷ್ಟರಲ್ಲಿ ಮೇಡಂ ಬಂದು ಯಾಕೆ ನಗುತ್ತೀಯ ಎಂದು ಅವನನ್ನು ಕೇಳಿದರು. ಅವನು ಅವರ ಮುಖ ನೋಡಿದ, ನನ್ನ ಮುಖ ನೋಡಿದ. ಅವನಿಗೆ ಅರ್ಥವಾಯಿತು. “ನಥಿಂಗ್ ಮೇಡಂ. ಗುಡ್ ವರ್ಡ್. ವೆರಿ ಗುಡ್ ವರ್ಡ್” ಎಂದ. ಅವರು ಸಂತೋಷದಿಂದ ಆಚೆ ಹೋದರು.

“ನಾನು ಹೇಳ್ಲಿಲ್ಲ ಅಮ್ಮ” ಎಂದು ಅವನು ಮೆಲ್ಲಗೆ ಹೇಳಿದ. “ಆದರೆ ಓಪನಿಂಗ್ ದಿನ ನಮ್ಮ ಕಡೆಯವರು ತುಂಬ ಜನ ಬರ್ತಾರೆ. ಅವರಲ್ಲಿ ಒಬ್ಬ ನಗದೆ ಇರ್ತಾನಾ? ಆ ಹೆಂಗಸು ಅಷ್ಟು ಜನರ ನಡುವೆ ನಿಂತಿರುವಾಗ?”

“ನೀವೇ ಈಗ ಹೇಳಿ ಅವರಿಗೆ. ನನಗೆ ಇಂಗ್ಲಿಷ್ ಬರುವುದಿಲ್ಲ.”

“ನಾನಾ? ನನ್ನ ಕೆಲಸ ಹೋಗ್ತದೆ ಅಮ್ಮ. ಈಗ ತಾನೇ ವೆರಿ ಗುಡ್ ಅಂದೆ.”

ಇನ್ನು ಇದ್ದವಳು ದೀಕ್ಷಾ. ಅಲ್ಲಿಯವರೆಗೆ ಎಲ್ಲ ಹೇಳಿಸಿದ್ದು ನಿನ್ನ ಬಾಯಲ್ಲೇ. ಈ ಮಾತನ್ನು ನಿನ್ನ ಬಾಯಲ್ಲಿ ಹಾಕುವ ಮನಸ್ಸಾಗಲಿಲ್ಲ. “ಹೋಗಿ ಆ ಬಾಚಣಿಗೆಗಳನ್ನು ನೋಡು” ಎಂದು ನಿನ್ನನ್ನು ಇನ್ನೊಂದು ಕಡೆಗೆ ಕಳಿಸಿದೆ. ಆಮೇಲೆ ಮೇಡಂ ನಿಂತಲ್ಲಿಗೆ ಹೋದೆ. ಏಳನೆಯ ಕ್ಲಾಸಿನ ಇಂಗ್ಲಿಷ್ ಪುಸ್ತಕದಲ್ಲಿ ಉಳಿದದ್ದನ್ನೆಲ್ಲ ಕೂಡಿಸಿ ಹೇಳಿದೆ.

“ಮೇಡಂ. ದಟ್ ವರ್ಡ್, ಬ್ಯಾಡ್ ವರ್ಡ್. ಐ ಟೆಲ್ ಲೈ.”

ಅವರಿಗೆ ತಿಳಿಯಲಿಲ್ಲ. ನಾನು ಹಲಗೆಯತ್ತ ಕೈ ತೋರಿಸಿ ಮತ್ತೆ ಹೇಳಿದೆ. “ಬ್ಯಾಡ್.” ನನ್ನ ತಲೆಯ ಸೆರಗು ತೆಗೆದು ಕೂದಲು ಹಿಡಿದು ತೋರಿಸಿದೆ. “ಸ್ಕೂಲ್. ಆಲ್ ಬಾಯ್ಸ್ ಕಾಲ್ ಮಿ. ಐ ಕ್ರೈ. ನೌ ಐ ಕಾಲ್ ದೀಕ್ಷಾ.”

ಅವರು ಆ ಪದವನ್ನು ಬಾಯಲ್ಲಿ ನಿಧಾನವಾಗಿ ತಿರುಗಿಸಿದರು. “ಕಾಪಿರಿ,” ಎಂದರು. ಮತ್ತೆ, “ಕಾಪಿರಿ. ಕಾಫಿರ್.” ಹಮೀದ್ ತಲೆ ತಗ್ಗಿಸಿದ. ದೇವರನ್ನು ನಂಬದವನು ಎಂಬ ಅರ್ಥದ ಅರಬ್ಬಿಯ ಆ ಪದ ಹಡಗಿನವರ ಬಾಯಲ್ಲಿ ಸಮುದ್ರ ಸುತ್ತಿ, ಆಫ್ರಿಕಾದವರಿಗೆ ಬೈಗುಳವಾಗಿ, ನಮ್ಮ ಕರಾವಳಿಗೆ ಹೀಗೆ ಮುರಿದು ಬಂದಿತ್ತು ಎಂಬುದು ನನಗೆ ಆಮೇಲೆ ತಿಳಿಯಿತು. ಅವರಿಗೆ ಆ ಕ್ಷಣವೇ ತಿಳಿಯಿತು. ಇಷ್ಟು ದಿನ ಅದು ನಮ್ಮ ಉಚ್ಚಾರದಲ್ಲಿ ಅವರ ಕಿವಿಗೆ ಮರೆಯಾಗಿ ಕುಳಿತಿತ್ತು.

ಅವರು ಹಮೀದನ ಕಡೆ ನೋಡಿ ಏನೋ ಹೇಳಿದರು. ಈ ಸಲ ಅವನು ತಪ್ಪಿಸಿಕೊಳ್ಳಲಿಲ್ಲ. “ಅಮ್ಮ, ಯಾಕೆ ಆಗಲೇ ಹೇಳ್ಲಿಲ್ಲ ಅಂತ ಕೇಳ್ತಾರೆ.”

“ಹೆದರಿಕೆ ಆಯ್ತು ಅಂತ ಹೇಳಿ.”

“ಯಾರ ಹೆದರಿಕೆ ಅಂತ ಕೇಳ್ತಾರೆ.”

ಮೇಡಂ ತಾವೇ ಹೋಗಿ ಹಲಗೆ ಇಳಿಸಿ, ಅಕ್ಷರದ ಮುಖವನ್ನು ಗೋಡೆಗೆ ಮಾಡಿ ನೆಲದ ಮೇಲಿಟ್ಟರು. ವಾಪಸ್ ಬರುವಾಗ ಕಾರಿನಲ್ಲಿ ಒಂದು ಮಾತೂ ಆಡಲಿಲ್ಲ. ಮನೆ ಮುಟ್ಟಿದ ಮೇಲೆ ಇಳಿದು ಬಂದು ನನ್ನ ಕಡೆಯ ಬಾಗಿಲು ತೆರೆದರು, ಮೆಟ್ಟಿಲು ಹತ್ತಿ ಹೋದರು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಎರಡು ದಿನ ಬೆಳಿಗ್ಗೆ ಅವರು ಕೆಳಗೆ ಬರಲಿಲ್ಲ. “ಮೇಡಂಗೆ ಜ್ವರವಾ?” ಎಂದು ನೀನು ಕೇಳಿದೆ. ಆ ಪದ ಒಳ್ಳೆಯದಲ್ಲ, ಇನ್ನು ಹೇಳಬಾರದು, ನಾನು ಸುಳ್ಳು ಹೇಳಿದ್ದೆ ಎಂದೆ. ನೀನು ತಲೆ ತಿರುಗಿಸಿ ನನ್ನನ್ನು ನೋಡಿದೆ. “ಅಜ್ಜಿಯಂದಿರು ಸುಳ್ಳು ಹೇಳ್ತಾರಾ?” ಎಂದು ಕೇಳಿದೆ. ನಿನಗೆ ಇದು ನೆನಪಿಲ್ಲದಿರಬಹುದು.

ಮೂರನೆಯ ದಿನ ಮೇಡಂ ಬಂದರು, ಕೈಯಲ್ಲಿ ಮತ್ತೊಂದು ಬಿಳಿ ಹಲಗೆ. ಮೆಟ್ಟಿಲ ಮೇಲೆ ಕುಳಿತು ಮಮತಾಳನ್ನು ಕರೆದು, ತಾವು ಹೇಳುವುದನ್ನು ಒಂದೂ ಬಿಡದೆ ನನಗೆ ಹೇಳಬೇಕೆಂದರು: ನಿಮ್ಮ ಹಲಗೆ ಇದ್ದ ಜಾಗವನ್ನು ಆ ಗೋಡೆಯಲ್ಲಿ ಖಾಲಿ ಬಿಟ್ಟಿದ್ದೇನೆ, ಅದು ಹಾಗೇ ಇರುತ್ತದೆ. ಇದು ಎದುರಿನ ಗೋಡೆಗೆ. ಎದುರಿನ ಗೋಡೆಯಲ್ಲಿ ಇದುವರೆಗೆ ಏನೂ ಇರಲಿಲ್ಲ. ನೀವು ನನಗೆ ಅಲ್ಲಿ ಹೇಳಿದ್ದನ್ನು ನಿಮ್ಮ ಭಾಷೆಯಲ್ಲಿ ಇದರ ಮೇಲೆ ಬರೆಯಿರಿ. ಕೆಳಗೆ ನಿಮ್ಮ ಹೆಸರು.

“ಹೆಸರು ಯಾಕೆ ಮೇಡಂ?” ಎಂದು ಮಮತಾ ವಾದ ಮಾಡಿದಳು. “ಅಮ್ಮನಿಗೆ ನಾಚಿಕೆ.” ಅವಳು ಕನ್ನಡದಲ್ಲಿ ನನಗೂ ಹೇಳಿದಳು. “ಹೆಸರು ಹಾಕಬೇಡ, ಗೊತ್ತಾಯ್ತಾ? ನಾವು ಇಲ್ಲಿ ಬದುಕಬೇಕು.”

ಮೇಡಂ ಹೇಳಿದ ಉತ್ತರವನ್ನು ಮಮತಾ ಒಲ್ಲದ ಮನಸ್ಸಿನಿಂದ ನನಗೆ ಹೇಳಿದ್ದು ಹೀಗೆ: “ಹೆಸರಿಲ್ಲದ ಬೈಗುಳ ಅವರ ಹತ್ತಿರ ಬೇಕಾದಷ್ಟು ಉಂಟಂತೆ.”

ಆ ಹಲಗೆಯಲ್ಲಿ ಎರಡು ಕಡೆ ಗೆರೆ ತಪ್ಪಿತು, ಒರಸಿ ಮತ್ತೆ ಬರೆದೆ. ಹೆಸರನ್ನೂ ಬರೆದೆ.

ಉದ್ಘಾಟನೆಯ ಸಂಜೆ ಆ ಗೋದಾಮು ತುಂಬಿತ್ತು. ನಾನು ಬರುವುದಿಲ್ಲ ಎಂದಿದ್ದೆ, ಆದರೆ ಹರೀಶನೇ, “ಬನ್ನಿ ಅತ್ತೆ, ಬರೆದದ್ದು ಆಯ್ತಲ್ಲ” ಎಂದು ಕರೆದುಕೊಂಡು ಹೋದ. ಎದುರಿನ ಗೋಡೆ ಪೂರ್ತಿ ಖಾಲಿ, ನಡುವೆ ನನ್ನ ಒಂದೇ ಹಲಗೆ. ಪಕ್ಕದಲ್ಲಿ ಇಂಗ್ಲಿಷ್, ಫ್ರೆಂಚ್, ಅರಬ್ಬಿಯಲ್ಲಿ ಅದರ ಅನುವಾದ. ಹಮೀದ್ ತನ್ನ ಜೊತೆಯವರನ್ನು ನಿಲ್ಲಿಸಿಕೊಂಡು ಕನ್ನಡದಲ್ಲಿ ಗಟ್ಟಿಯಾಗಿ ಓದುತ್ತಿದ್ದ.

“ಕಾಪಿರಿ. ನಮ್ಮ ಊರಿನಲ್ಲಿ ಗುಂಗುರು ಕೂದಲಿನವರನ್ನು ಹೀಗೆ ಕರೆಯುತ್ತಾರೆ. ಇದು ಒಳ್ಳೆಯ ಮಾತಲ್ಲ. ಆಫ್ರಿಕಾದ ಜನರನ್ನು ನೋಡದೆಯೇ ನಾವು ಅವರಿಗೆ ಇಟ್ಟ ಹೆಸರು. ಶಾಲೆಯಲ್ಲಿ ನನ್ನನ್ನು ಹೀಗೆ ಕರೆದರು, ನಾನು ಅತ್ತೆ. ದೊಡ್ಡವಳಾದ ಮೇಲೆ ನನ್ನ ಮೊಮ್ಮಗಳನ್ನು ಹೀಗೆ ಕರೆದೆ. ಅಫಿ ಎಂಬವರು ಅರ್ಥ ಕೇಳಿದಾಗ ಚಂದ ಎಂದು ಸುಳ್ಳು ಹೇಳಿದೆ. ಗಿರಿಜಾ.”

ಯಾರೂ ನಗಲಿಲ್ಲ. ಕೋಟು ಹಾಕಿದ ಒಬ್ಬರು ಮುಂದೆ ಬಂದರು. ದೇರಾದಲ್ಲಿ ಹೋಲ್‌ಸೇಲ್ ಅಂಗಡಿ ಇರುವ ನಮ್ಮ ಕಡೆಯವರೇ ಎಂದು ಹರೀಶ ಪಿಸುಗುಟ್ಟಿದ. ಅವರು ಹಲಗೆಯನ್ನು ಓದಿ ಸುತ್ತ ನೋಡಿದರು.

“ಇದು ಯಾರು ಬರೆದದ್ದು? ಇಷ್ಟು ದೇಶದವರ ಮುಂದೆ ನಮ್ಮ ಜನರ ಮಾನ ತೆಗೀಲಿಕ್ಕೆ ಯಾರಿಗೆ ಬಂತು ಈ ಬುದ್ಧಿ?”

ಹರೀಶ ನನ್ನ ಕೈ ಹಿಡಿದು ಹಿಂದಕ್ಕೆ ಎಳೆದ. ನಾನು ಬಿಡಿಸಿಕೊಂಡೆ.

“ನಾನು ಬರೆದದ್ದು” ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ನಿಮಗೆ ಬೇರೆ ಬರೀಲಿಕ್ಕೆ ಎಂತ ಇರ್ಲಿಲ್ವಾ ಅಕ್ಕ?”

“ಅವರು ಕೇಳಿದ್ದು ಇದನ್ನೇ” ಎಂದೆ. ಅವರು ಆಚೆ ಹೋದರು.

ಮೇಡಂ ಅವತ್ತು ಮಾತಾಡಿದ್ದು ಆ ಎರಡು ಗೋಡೆಗಳ ನಡುವೆ ನಿಂತು. ಹಿಂದಿನ ಸಭೆಯಲ್ಲಿ ತಾವು ಹೇಳಿದ ಪದದ ಅರ್ಥ ಬೇರೆ ಎಂದು ತಾವಾಗಿಯೇ ಹೇಳಿದರು, ಹರೀಶ ನನಗೆ ತಿಳಿಸಿದ. ಅದು ಅವರಿಗೆ ಎಷ್ಟು ಕಷ್ಟವಾಗಿರಬೇಕು ಎಂದು ನನಗೆ ಆಗ ಹೊಳೆಯಿತು. ತಪ್ಪು ನನ್ನದು, ಅಷ್ಟು ಜನರ ಮುಂದೆ ತಿದ್ದಿಕೊಂಡವರು ಅವರು. ನನ್ನ ಕಡೆ ನೋಡಲಿಲ್ಲ. ಜನ ಚದುರಿದ ಮೇಲೆ ಹತ್ತಿರ ಬಂದರು. ಗೋಡೆಯ ಖಾಲಿ ಜಾಗವನ್ನು ತೋರಿಸಿ, ನನಗೆ ತಿಳಿಯುವ ಹಾಗೆ ನಿಧಾನವಾಗಿ ಇಂಗ್ಲಿಷಿನಲ್ಲಿ ಕೇಳಿದರು, ಹಾಗಾದರೆ ನಿಮ್ಮ ಭಾಷೆಯಲ್ಲಿ ಒಳ್ಳೆಯ ಪದ ಯಾವುದು?

ನಾನು ಯೋಚಿಸಿದೆ. ಗುಂಗುರು ಎಂದರೆ ಬರೀ ಗುಂಗುರು, ಅದರಲ್ಲಿ ಹೊಗಳಿಕೆ ಇಲ್ಲ. ಬೇರೆ ಯಾವುದೂ ಬಾಯಿಗೆ ಬರಲಿಲ್ಲ. “ನೋ ವರ್ಡ್” ಎಂದೆ. “ಫೈಂಡ್,” ಎಂದರು ಅವರು, ಅಷ್ಟೆ.

ಮಾರ್ಚ್‌ನಲ್ಲಿ ನನ್ನ ವೀಸಾ ಮುಗಿಯಿತು. ನಾನು ಹೊರಡುವ ಮೊದಲೇ ಅವರು ಮನೆ ಖಾಲಿ ಮಾಡಿ ಇನ್ನೊಂದು ದೇಶಕ್ಕೆ ಹೋದರು. ಕೊನೆಯ ಕೆಲವು ದಿನ ಬೆಳಿಗ್ಗೆ ಬಂದು ಕೂರುತ್ತಿದ್ದರು, ಆದರೆ ಮೊದಲಿನಷ್ಟು ನಗುತ್ತಿರಲಿಲ್ಲ. ನಿನ್ನನ್ನು ದೀಕ್ಷಾ ಎಂದೇ ಕರೆದರು. ನನ್ನನ್ನು ಗಿರಿಜಾ ಎಂದರು. ಅವರು ನನ್ನನ್ನು ಕ್ಷಮಿಸಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳುವ ಹಕ್ಕು ನನ್ನದಲ್ಲ ಎಂದು ಕೇಳಲಿಲ್ಲ. ಆ ಎರಡು ಗೋಡೆಗಳು ಆಮೇಲೆ ಬೇರೆ ಬೇರೆ ಊರುಗಳಿಗೆ ಹೋದವಂತೆ. ಎದುರಿನ ಗೋಡೆಯಲ್ಲಿ ಈಗ ಬೇರೆಯವರೂ ಹೆಸರು ಹಾಕಿ ಬರೆದಿದ್ದಾರೆಂದು ಮಮತಾ ಎಲ್ಲೋ ಓದಿ ಹೇಳಿದ್ದಳು. ಖಾಲಿ ಜಾಗ ಖಾಲಿಯೇ ಉಂಟಂತೆ.

ಆ ಪದವನ್ನು ನಾನು ಇನ್ನೂ ಹುಡುಕುತ್ತಿದ್ದೇನೆ. ಕನ್ನಡದಲ್ಲಿ ಸಿಗಲಿಲ್ಲ, ತುಳುವಿನಲ್ಲೂ ಸಿಗಲಿಲ್ಲ. ಹಳೆಯವರ ಬಾಯಲ್ಲಿ ಇಲ್ಲದಿದ್ದರೆ ಹೊಸಬರು ಮಾಡಿಕೊಳ್ಳಬೇಕಾಗುತ್ತದೋ ಏನೋ. ಈ ಕೊನೆಯ ಹಾಳೆಯ ಕೆಳಗಿನ ಅರ್ಧವನ್ನು ನಾನು ಬರೆಯದೆ ಬಿಟ್ಟಿದ್ದೇನೆ. ನಿಮ್ಮಿಬ್ಬರಲ್ಲಿ ಯಾರಿಗೆ ಹೊಳೆದರೂ ಅಲ್ಲಿ ಬರೆಯಿರಿ, ಬರೆದವರ ಹೆಸರು ಹಾಕಿ. ಅಲ್ಲಿಯವರೆಗೆ ಈ ಹಾಳೆಗಳು ನೀರು ತಾಗದ ಹಾಗೆ, ನಿಮ್ಮ ಅಮ್ಮ ಪಾಸ್‌ಪೋರ್ಟ್‌ಗಳನ್ನು ಇಡುವ ಆ ಕಬ್ಬಿಣದ ಪೆಟ್ಟಿಗೆಯಲ್ಲಿ ಇರಲಿ.